ಕಿವಿಗೊಂದು ಬುತ್ತಿ

ದೂರಪ್ರಯಾಣಕ್ಕೆ ಹೊರಡತಕ್ಕವರು ಬುತ್ತಿಯನ್ನು ಕಟ್ಟಿಕೊಳ್ಳದೆ ಹೊಸಿಲನ್ನು ದಾಟಬಾರದೆಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಸಂಸ್ಕೃತದಲ್ಲಿ ಬುತ್ತಿಗೆ ಪಾಥೇಯವೆಂದು ಹೆಸರು. ಪಥದಲ್ಲಿ ಒದಗತಕ್ಕದ್ದು ಪಾಥೇಯ. ಈ ಹೆಸರಿನಲ್ಲಿಯೇ ಒಂದು ವಿವೇಕವು ಅಡಗಿರುವುದನ್ನು ವಾಚಕರು ಗಮನಿಸಬಹುದು. ದಾರಿಯಲ್ಲಿ ಛತ್ರವುಂಟೋ ಇಲ್ಲವೋ, ಛತ್ರವಿದ್ದರೂ ಅಲ್ಲಿ ಒಲೆಯು ಉರಿಯುತ್ತಿದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಗೊಡದೆ, ಮನೆಯಲ್ಲಿಯೇ ಕಲಸಿ ಕಟ್ಟಿಕೊಂಡ ಮೊಸರನ್ನದ ಗಂಟು ಹೊತ್ತಿಗೆ ಒದಗುವಂತೆ ಬೇರೆ ಯಾವುದೂ ಒದಗಲಾರದು. ಹಸಿವಾದ ಮೇಲೆ ಬುತ್ತಿಯನ್ನು ಕಟ್ಟಲಾಗುವುದಿಲ್ಲ, ಹಸಿವಿಲ್ಲದಿರುವಾಗಲೇ ಕಟ್ಟಬೇಕು.

ಈಗಿನ ಕಾಲದಲ್ಲಿ ಹೊಟ್ಟೆಯ ಬುತ್ತಿಯ ಆವಶ್ಯಕತೆಯು ಅಷ್ಟಾಗಿ ಉಳಿದಿಲ್ಲ. ದೂರದೇಶದ ವಿಮಾನದಲ್ಲಿ ಕುಳಿತವನಿಗೆ ಕುಳಿತಲ್ಲಿಗೇ ಊಟವು ಬರುತ್ತದೆ. ಆದರೆ ಹೊಟ್ಟೆಗಿರುವಂತೆ ಕಿವಿಗೂ ಒಂದು ಹಸಿವುಂಟು. ವಿಮಾನವನ್ನೇರುವ ಮುನ್ನ ಹಾಡುಗಳನ್ನು ಫೋನಿನಲ್ಲಿ ಇಳಿಸಿಕೊಂಡು, ಯಾವ ಸಂಪರ್ಕವೂ ಇಲ್ಲದ ಅಂತರಿಕ್ಷದಲ್ಲಿ ಅವನ್ನು ಕೇಳುವ ಪದ್ಧತಿಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಯೋಚಿಸಿದ್ದೇವೆ. ಮಕ್ಕಳು ಪರದೇಶಗಳಲ್ಲಿ ನೆಲೆಸಿರುವ ಕಾರಣದಿಂದ, ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖವನ್ನು ನೋಡಲೆಂದೋ ವಿಮಾನವನ್ನೇರುವ ಗೃಹಸ್ಥರು ಈಗ ನಮ್ಮ ಊರುಗಳ ಬೀದಿಬೀದಿಯಲ್ಲಿಯೂ ಇದ್ದಾರೆ. ಅವರಿಗೆ ಇದು ನಿರುಪಯುಕ್ತವಾಗಲಾರದೆಂದು ನಂಬಿದ್ದೇವೆ.

ಶಬ್ದವು ಆಕಾಶದ ಗುಣವೆಂಬುದು ತಾರ್ಕಿಕರ ಸಿದ್ಧಾಂತ. ಪೃಥಿವಿಗೆ ಗಂಧವು ಹೇಗೋ ಆಕಾಶಕ್ಕೆ ಶಬ್ದವು ಹಾಗೆ. ಮೂವತ್ತಮೂರು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದ ನಾವು ಎಷ್ಟೋ ಸಲ ಇದನ್ನು ಹುಡುಗರಿಗೆ ಹೇಳಿದ್ದುಂಟು. ಹೀಗಿರಲು, ಆಕಾಶಮಧ್ಯದಲ್ಲಿಯೇ ಕುಳಿತವನಿಗೆ ಶಬ್ದಕ್ಕೆ ಬಡತನವೆಲ್ಲಿಯದೆಂದು ಯಾರಾದರೂ ಕೇಳಬಹುದು. ವಸ್ತುಸ್ಥಿತಿಯು ಬೇರೆ. ಅಲ್ಲಿರುವುದು ಇಂಜಿನ್ನುಗಳ ಮತ್ತು ಗಾಳಿಯ ಏಕನಾದವಾದ ಗರ್ಜನೆಯೊಂದೇ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ೩೦ ವಾಟ್ ಶಕ್ತಿಯ ಪುಟ್ಟ ಯಂತ್ರವೊಂದರಿಂದ ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಸೊಗಸಾದ ಹೆಸರು ಆ ಮೈಸೂರಿನ ಕೇಂದ್ರದ್ದು. ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಗೆ ಅದೇ ಹೆಸರು ಬಂದಿತು. ವಿನೋದವೇನೆಂದರೆ, ನೆಲದ ಮೇಲಿರುವವನಿಗೆ ಆಕಾಶದಿಂದ ವಾಣಿಯು ಬರುತ್ತದೆ. ಆಕಾಶದಲ್ಲಿರುವವನಿಗೆ ಮಾತ್ರ ಅದು ಇಲ್ಲ. ಅವನು ನೆಲದ ವಾಣಿಯನ್ನು ತಾನೇ ಹೊತ್ತುಕೊಂಡು ಹೋಗಬೇಕು.

ಇದಕ್ಕೆ ಕಾರಣವುಂಟು. ಫೋನು ನೆಲದ ಮೇಲಣ ಗೋಪುರಗಳೊಡನೆ ರೇಡಿಯೋ ತರಂಗಗಳ ಮೂಲಕ ಮಾತನಾಡತಕ್ಕ ಯಂತ್ರ. ಆ ಗೋಪುರಗಳು ನೆಲದ ಜನರಿಗಾಗಿ ನಿಂತವುಗಳೇ ಹೊರತು, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು ೯೦೦ ಕಿಲೋಮೀಟರ್ ವೇಗದಿಂದ ಹಾರುವವರಿಗಾಗಿ ಅಲ್ಲ. ಅದೂ ಅಲ್ಲದೆ, ಫೋನಿನಿಂದ ಹೊರಡುವ ತರಂಗಗಳು ವಿಮಾನದ ಸೂಕ್ಷ್ಮೋಪಕರಣಗಳಿಗೂ ಚಾಲಕರ ಸಂಭಾಷಣೆಗೂ ಅಡ್ಡಿಯನ್ನುಂಟುಮಾಡಬಾರದೆಂಬ ಎಚ್ಚರಿಕೆಯಿಂದ, ಅದನ್ನು ಫ್ಲೈಟ್ ಮೋಡ್ ಎಂಬ ಮೌನವ್ರತದಲ್ಲಿ ಇರಿಸಬೇಕೆಂದು ನಿಯಮವಿದೆ. ಈ ವ್ರತದಲ್ಲಿರುವ ಫೋನನ್ನು ಪ್ರಯಾಣದುದ್ದಕ್ಕೂ ಬಳಸಬಹುದೆಂದು ನಮ್ಮ ದೇಶದ ವಿಮಾನಯಾನದ ಅಧಿಕಾರಿಗಳು ೨೦೧೪ರಲ್ಲಿ ಅನುಮತಿಯಿತ್ತರು. ಕೆಲವು ವಿಮಾನಗಳಲ್ಲಿ ಉಪಗ್ರಹದ ಮೂಲಕ ಇಂಟರ್ನೆಟ್ಟು ದೊರೆಯುವುದೂ ಉಂಟು. ಆದರೆ ಅದನ್ನು ನೆಚ್ಚಿ ಹೊರಡುವುದೆಂದರೆ ಛತ್ರದ ಒಲೆಯನ್ನು ನೆಚ್ಚಿ ಹೊರಟಂತೆಯೇ ಸರಿ. ಆದಕಾರಣ, ಮೇಲಕ್ಕೆ ಏರತಕ್ಕವನು ಮೊದಲು ಇಳಿಸಿಕೊಳ್ಳಬೇಕು.

ಇನ್ನು ನಮ್ಮ ಅನುಭವಕ್ಕೆ ಬರೋಣ. ಕಳೆದ ವರ್ಷ ಚಳಿಗಾಲದಲ್ಲಿ ನಾವೂ ನಮ್ಮ ಗೃಹಿಣಿಯೂ ಬೆಂಗಳೂರಿನಿಂದ ಲಂಡನ್ನಿಗೆ ಹೊರಡಬೇಕಾಯಿತು. ನಮ್ಮ ಮಗಳಿಗೆ ಚೊಚ್ಚಲ ಹೆರಿಗೆಯ ದಿನಗಳು ಸಮೀಪಿಸಿದ್ದುವು. ಇಂತಹ ಸಂದರ್ಭದಲ್ಲಿ ತಾಯಿಯಾದವಳಿಗೆ ಇರಬೇಕಾದ ಸಂಭ್ರಮವು ನಮ್ಮ ಗೃಹಿಣಿಯಲ್ಲಿ ಕಾಣಬರಲಿಲ್ಲ. ಅದಕ್ಕೆ ಕಾರಣವನ್ನು ಇಲ್ಲಿ ಹೇಳುವುದು ಅಗತ್ಯ.

ಆಕೆಯು ಕಛೇರಿಗಳಲ್ಲಿ ಹಾಡಿದವಳಲ್ಲ. ಆದರೆ ಮನೆಯಲ್ಲಿ ಆಕೆಯ ಹಾಡಿಲ್ಲದ ಹೊತ್ತೇ ಇರಲಿಲ್ಲ. ಮೊಸರು ಕಡೆಯುವಾಗ ಒಂದು, ದೀಪ ಹಚ್ಚುವಾಗ ಒಂದು, ಹೂ ಕಟ್ಟುವಾಗ ಒಂದು. ಮಕ್ಕಳನ್ನು ಮಲಗಿಸುವಾಗ ತನ್ನ ಅಜ್ಜಿಯಿಂದ ತಾಯಿಗೂ ತಾಯಿಯಿಂದ ತನಗೂ ಬಂದ ಹನ್ನೊಂದು ನುಡಿಗಳ ಲಾಲಿಯೊಂದು. ಈ ಲಾಲಿಯು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ತುಂಗಾತೀರದ ಒಂದು ಮನೆತನದ ಹೆಂಗಸರ ಬಾಯಿಯಲ್ಲಿ ಮಾತ್ರ ಉಳಿದುಬಂದದ್ದು. ಮೂರು ವರ್ಷಗಳ ಹಿಂದೆ ಆಕೆಗೆ ಗಂಟಲಿನ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯು ಅನಿವಾರ್ಯವಾಯಿತು. ಜೀವವು ಉಳಿಯಿತು, ಅದಕ್ಕಾಗಿ ದೇವರಿಗೂ ವೈದ್ಯರಿಗೂ ನಾವು ಕೃತಜ್ಞರು. ಆದರೆ ಧ್ವನಿತಂತುಗಳನ್ನು ಆಡಿಸತಕ್ಕ ನರವು ಆ ಗ್ರಂಥಿಗೆ ಅಂಟಿಕೊಂಡಂತೆಯೇ ಇರುವುದರಿಂದ, ಅದು ದುರ್ಬಲವಾಗಿ, ಆಕೆಯ ಧ್ವನಿಯು ಪಿಸುಮಾತಿನ ಮಟ್ಟಕ್ಕೆ ಇಳಿದುಹೋಯಿತು. ಕೆಲವರಲ್ಲಿ ಅದು ಕ್ರಮೇಣ ಹಿಂದಿರುಗುವುದುಂಟಂತೆ, ಆಕೆಗೆ ಹಿಂದಿರುಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಹಾಡು ನಿಂತಿತು.

"ಹಾಡಲಾರದ ಅಜ್ಜಿಯಿಂದ ಆ ಕೂಸಿಗೆ ಏನಾಗಬೇಕು? ನೀವು ಹೋಗಿಬನ್ನಿ" ಎಂದು ಆಕೆಯು ಹೊರಡುವ ಹಿಂದಿನ ವಾರದವರೆಗೂ ಹೇಳುತ್ತಿದ್ದಳು. ಇದು ಬರಿಯ ಬೇಸರದ ಮಾತಾಗಿರಲಿಲ್ಲ. ಆಕೆಯ ಎಣಿಕೆಯಲ್ಲಿ ಅಜ್ಜಿಯೆಂಬ ಪದವಿಗೆ ಆ ಲಾಲಿಯೇ ಅಧಿಕಾರಪತ್ರ. ಅದನ್ನು ಕಳೆದುಕೊಂಡ ಬಳಿಕ ಬರಿಗೈಯಲ್ಲಿ ಹೋಗುವುದೆಂತೆಂಬುದು ಆಕೆಯ ಸಂಕಟ.

ಪ್ರಯಾಣಕ್ಕೆ ಎರಡು ದಿನಗಳಿರುವಾಗ, ಕಂಪ್ಯೂಟರಿನ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, ಹತ್ತು ಹನ್ನೊಂದು ಗಂಟೆಗಳ ಪ್ರಯಾಣಕ್ಕೆ ಸಾಕಾಗುವಷ್ಟು ಸಂಗೀತವನ್ನು ನಮ್ಮ ಫೋನಿಗೆ ತುಂಬಿಕೊಟ್ಟನು. ಇಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ಸಂಗೀತವು ಹೇಗೆ ಹಿಡಿಯುವುದೆಂದು ಕೇಳಿದುದಕ್ಕೆ ಅವನು ಹೇಳಿದ ಉತ್ತರವು ಸ್ವಾರಸ್ಯವಾಗಿತ್ತು. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ವಿದ್ವಾಂಸರು ಮುಖ್ಯರಾಗಿ ನಿಂತು ರೂಪಿಸಿದ, ೧೯೯೫ರಲ್ಲಿ ಎಂಪಿ-ತ್ರೀ ಎಂದು ಹೆಸರು ಪಡೆದ ವಿಧಾನವೊಂದುಂಟು. ಜೋರಾದ ಧ್ವನಿಯ ಪಕ್ಕದಲ್ಲಿರುವ ಮೆಲುಧ್ವನಿಯನ್ನು ಮನುಷ್ಯನ ಕಿವಿಯು ಗ್ರಹಿಸಲಾರದು. ಹಾಗೆ ಗ್ರಹಿಸಲಾಗದುದನ್ನೆಲ್ಲ ಎಣಿಸಿ ನೋಡಿ ಬಿಟ್ಟುಬಿಡುವುದೇ ಈ ವಿಧಾನದ ಗುಟ್ಟು. ಸಿ.ಡಿ. ತಟ್ಟೆಯ ಮೇಲಿರುವ ಸಂಗೀತವು ಸಾಧಾರಣ ಗುಣಮಟ್ಟದಲ್ಲಿ ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ನಿಮಿಷದ ಹಾಡಿಗೆ ಹೆಚ್ಚು ಕಡಮೆ ಒಂದು ಮೆಗಾಬೈಟು ಸಾಕು. ಈಗ ಪ್ರಚಾರದಲ್ಲಿರುವ ಇತರ ಹಲವು ವಿಧಾನಗಳೂ ಇದೇ ತತ್ತ್ವವನ್ನು ಅನುಸರಿಸತಕ್ಕವು.

ಇದನ್ನು ಕೇಳಿದಾಗ ನಮಗೆ ವೇದಪಾಠಕರ ನೆನಪಾಯಿತು. ಅವರದೂ ಶಬ್ದವನ್ನು ಹೊತ್ತು ಸಾಗಿಸುವ ವಿದ್ಯೆಯೇ. ಆದರೆ ದಾರಿಯು ಇದಕ್ಕೆ ನೇರ ವಿರುದ್ಧ. ಯಂತ್ರವು ಬಿಟ್ಟುಬಿಡುವುದರಿಂದ ಹಗುರಮಾಡುತ್ತದೆ. ಪಾಠಕನು ಮರಳಿಮರಳಿ ಹೇಳುವುದರಿಂದ ಭದ್ರಮಾಡುತ್ತಾನೆ. ಘನಪಾಠದಲ್ಲಿ ಮೂರು ಪದಗಳಿದ್ದರೆ, ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೆಣೆಯಬೇಕು. ಒಂದು ಸ್ವರವು ಜಾರಿದರೂ ಹೆಣಿಗೆಯಲ್ಲಿ ತತ್‌ಕ್ಷಣ ತೋರಿಬರುತ್ತದೆ. ಈ ಪರಂಪರೆಯನ್ನು ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಅಮೂರ್ತ ಸಂಪತ್ತೆಂದು ಸಾರಿತು. ವಿದ್ಯುತ್ತಾಗಲಿ ತಂತಿಯಾಗಲಿ ಇಲ್ಲದೆ, ಸಹಸ್ರಾರು ವರ್ಷಗಳ ಪ್ರಯಾಣಕ್ಕೆ ಕಟ್ಟಿಕೊಂಡ ಬುತ್ತಿ ಅದು.

ಅದಿರಲಿ. ನಮ್ಮ ವಿದ್ಯಾರ್ಥಿಯು ಇನ್ನೊಂದು ವಿಚಾರವನ್ನೂ ತಿಳಿಸಿದನು. ಇದನ್ನು ಎಲ್ಲ ಗೃಹಸ್ಥರೂ ತಿಳಿದಿರುವುದು ಒಳ್ಳೆಯದು. ತಿಂಗಳಿಗಿಷ್ಟೆಂದು ಹಣ ಕೊಟ್ಟು ಇಳಿಸಿಕೊಳ್ಳುವ ಹಾಡುಗಳು ನಿಜವಾಗಿ ನಮ್ಮವಲ್ಲ. ಅವು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತವೆ. ಬೀಗದ ಕೈಯು ಕೊಟ್ಟವರಲ್ಲಿಯೇ ಇರುತ್ತದೆ. ಸ್ಪಾಟಿಫೈ ಎಂಬ ಪ್ರಸಿದ್ಧ ಸೇವೆಯಲ್ಲಿ ಮೂವತ್ತು ದಿನಗಳಿಗೆ ಒಮ್ಮೆಯಾದರೂ ಫೋನನ್ನು ಇಂಟರ್ನೆಟ್ಟಿಗೆ ಸೇರಿಸದಿದ್ದರೆ ಇಳಿಸಿಕೊಂಡ ಹಾಡುಗಳು ನುಡಿಯುವುದಿಲ್ಲ. ಚಂದಾ ನಿಂತರೆ ಅವೂ ನಿಲ್ಲುವುವು. ಇದರಲ್ಲಿ ದೂರತಕ್ಕದ್ದೇನೂ ಇಲ್ಲ. ಬಾಡಿಗೆಯ ಮನೆಯು ಬಾಡಿಗೆಯ ಮನೆಯೇ. ಅದರಲ್ಲಿ ಸುಖವಾಗಿ ವಾಸಮಾಡಬಹುದು. ಸ್ವಂತದ್ದೆಂದು ಭ್ರಮಿಸಬಾರದು, ಅಷ್ಟೆ.

ಹೀಗೆ ಬಾಡಿಗೆಯ ಹಾಡುಗಳು ನೂರಾರು ಸೇರಿದ ಮೇಲೆ, ಅವನು ಹಳೆಯ ಫೋನೊಂದರಿಂದ ಮತ್ತೊಂದು ಹಾಡನ್ನು ತೆಗೆದು ಸೇರಿಸಿದನು. ಐದು ವರ್ಷಗಳ ಹಿಂದೆ ನಮ್ಮ ಮಗಳು ರಜಕ್ಕೆ ಬಂದಿದ್ದಾಗ, ಅಡಿಗೆಯ ಮನೆಯ ಬಾಗಿಲಲ್ಲಿ ಕುಳಿತು, ತಾಯಿಗೆ ತಿಳಿಯದಂತೆ ಆ ಲಾಲಿಯನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಏಳು ನಿಮಿಷದ ಹಾಡು. ನಡುವೆ ಕುಕ್ಕರಿನ ಸಿಳ್ಳು ಎರಡು ಬಾರಿ ಕೇಳಿಬರುತ್ತದೆ. ಹಿತ್ತಿಲಿನ ಕಾಗೆಯೊಂದು ತಾನೂ ಶ್ರುತಿಗೂಡಿಸುತ್ತದೆ. ಇದು ಯಾವ ಅಂಗಡಿಯ ಸರಕೂ ಅಲ್ಲ. ಇದಕ್ಕೆ ಬೀಗವೂ ಇಲ್ಲ, ವಾಯಿದೆಯೂ ಇಲ್ಲ. ಆದರೆ ಫೋನು ಹಾಳಾದರೆ ಲೋಕದಲ್ಲಿ ಇನ್ನೆಲ್ಲಿಯೂ ದೊರೆಯತಕ್ಕದ್ದಲ್ಲ. ಇದರ ವಿಷಯವನ್ನು ನಾವು ಗೃಹಿಣಿಗೆ ಮುಂಚಿತವಾಗಿ ತಿಳಿಸಲಿಲ್ಲ.

ಕೊನೆಗೆ ಆಕೆಯು ಹೊರಟಳು. ದೇವನಹಳ್ಳಿಯ ನಿಲ್ದಾಣದಿಂದ ವಿಮಾನವು ಮೇಲೇರುವಾಗ ಇಬ್ಬರಿಗೂ ಕಿವಿಯು ಕಟ್ಟಿತು. ವಿಮಾನದೊಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟದಲ್ಲಿ ಇರಿಸುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಸುತ್ತಾರೆ. ಎಂದರೆ, ಕುಳಿತಲ್ಲಿಯೇ ನಮ್ಮ ಮುಳ್ಳಯ್ಯನಗಿರಿಯ ಶಿಖರವನ್ನು ಹತ್ತಿದಂತಾಯಿತು. ಉಗುಳನ್ನು ನುಂಗುತ್ತಿದ್ದರೆ ಕಿವಿಯ ಒಳನಾಳವು ತೆರೆದು ಈ ಬಾಧೆಯು ಪರಿಹಾರವಾಗುವುದು. ಅನಂತರ ನಾವು ಎದುರಿನ ಪರದೆಯಲ್ಲಿದ್ದ ಹಾಡುಗಳ ಪಟ್ಟಿಯನ್ನು ತಿರುವಿ ನೋಡಿದೆವು. ಹಲವು ಭಾಷೆಗಳ ಹಾಡುಗಳಿದ್ದುವು, ಕನ್ನಡದ್ದೊಂದೂ ಇರಲಿಲ್ಲ. ಬುತ್ತಿಯನ್ನು ಬಿಚ್ಚತಕ್ಕ ಸಮಯವು ಬಂದಿತು.

ನಮ್ಮ ಅಳಿಯನು ಕಳುಹಿಸಿದ್ದ ಹೆಡ್‌ಫೋನು ಹೊರಗಿನ ಗದ್ದಲವನ್ನು ಅಡಗಿಸತಕ್ಕ ಜಾತಿಯದು. ಇದರ ಹುಟ್ಟೂ ವಿಮಾನದಲ್ಲಿಯೇ ಆಯಿತೆಂಬುದು ತಿಳಿಯತಕ್ಕ ಸಂಗತಿ. ಬಂಗಾಳದಿಂದ ಅಮೆರಿಕೆಗೆ ಹೋದ ದೇಶಭಕ್ತರೊಬ್ಬರ ಮಗನಾದ ಅಮರ ಬೋಸ್ ಎಂಬ ಪ್ರಾಧ್ಯಾಪಕರು ೧೯೭೮ರಲ್ಲಿ ಜೂರಿಕ್ಕಿನಿಂದ ಬಾಸ್ಟನ್ನಿಗೆ ಹಾರುತ್ತಿದ್ದಾಗ, ವಿಮಾನದ ಸದ್ದಿನಿಂದ ಸಂಗೀತವು ಕೆಟ್ಟುಹೋಗುವುದನ್ನು ಕಂಡು, ಇಳಿಯುವಷ್ಟರೊಳಗೆ ಇದರ ಗಣಿತವನ್ನು ಕಾಗದದ ಮೇಲೆ ಹಾಕಿದ್ದರಂತೆ. ಹನ್ನೊಂದು ವರ್ಷಗಳ ಮೇಲೆ, ೧೯೮೯ರಲ್ಲಿ, ವಿಮಾನಚಾಲಕರಿಗಾಗಿ ಅಂತಹ ಉಪಕರಣವು ಮಾರಾಟಕ್ಕೆ ಬಂದಿತು. ಅದೇ ಸುಮಾರಿನಲ್ಲಿ, ಜಪಾನಿನ ಸೋನಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಎಂಬುವರು ದೀರ್ಘವಾದ ವಿಮಾನಪ್ರಯಾಣಗಳಲ್ಲಿ ತಾವು ಸಂಗೀತ ಕೇಳಲು ಹಗುರವಾದ ಯಂತ್ರವೊಂದು ಬೇಕೆಂದು ತಮ್ಮವರನ್ನು ಕೇಳಿದುದರಿಂದ, ೧೯೭೯ನೆಯ ಜುಲೈ ತಿಂಗಳಲ್ಲಿ ವಾಕ್‌ಮನ್ ಲೋಕಕ್ಕೆ ಬಂದಿತು. ಈಗ ಬಸ್ಸಿನಲ್ಲಿಯೂ ಉದ್ಯಾನದಲ್ಲಿಯೂ ಕಿವಿಗೆ ಯಂತ್ರವನ್ನಿಟ್ಟುಕೊಂಡು ನಡೆಯುವ ಎಳೆಯರು, ಆಕಾಶದಲ್ಲಿ ಸಂಗೀತಕ್ಕೆ ಹಸಿದ ಇಬ್ಬರು ಪ್ರಯಾಣಿಕರಿಗೆ ಋಣಿಗಳು.

ಈ ಹೆಡ್‌ಫೋನು ಕೆಲಸಮಾಡುವ ಬಗೆಯು ಸರಳ. ಅದರಲ್ಲಿರುವ ಸಣ್ಣ ಮೈಕು ಹೊರಗಿನ ಸದ್ದನ್ನು ಕೇಳುತ್ತದೆ. ಆ ಸದ್ದಿನ ಅಲೆಯ ಉಬ್ಬಿಗೆ ತಗ್ಗನ್ನೂ ತಗ್ಗಿಗೆ ಉಬ್ಬನ್ನೂ ಎದುರಾಗಿ ನಿಲ್ಲಿಸಿ, ಎರಡೂ ಒಂದನ್ನೊಂದು ನುಂಗಿಕೊಳ್ಳುವಂತೆ ಮಾಡುತ್ತದೆ. ಇಂಜಿನ್ನಿನಂತೆ ತಗ್ಗಿದ ಶ್ರುತಿಯಲ್ಲಿ ಎಡೆಬಿಡದೆ ಮೊರೆಯುವ ಸದ್ದಿಗೆ ಈ ಉಪಾಯವು ಚೆನ್ನಾಗಿ ನಡೆಯುತ್ತದೆ. ಏರಿಳಿಯುವ ಎತ್ತರದ ಸದ್ದುಗಳಿಗೆ ಅಷ್ಟಾಗಿ ನಡೆಯದು. ನಾವೇ ಮೊದಲು ಧರಿಸಿ ಪರೀಕ್ಷಿಸಿದೆವು. ವಿಮಾನದ ಗರ್ಜನೆಯು ದೂರದ ಹೊಳೆಯ ಸದ್ದಾಯಿತು. ಹಿಂದಿನ ಸಾಲಿನಲ್ಲಿ ಯಾರದೋ ಕೂಸು ಅಳುತ್ತಿದ್ದುದು ಮಾತ್ರ ಹಾಗೆಯೇ ಕೇಳಿಬರುತ್ತಿತ್ತು. ಯಂತ್ರಕ್ಕೂ ಮಣಿಯದ ಧ್ವನಿಯೊಂದು ಲೋಕದಲ್ಲಿ ಉಂಟೆಂದುಕೊಂಡು, ಅದನ್ನು ಗೃಹಿಣಿಯ ತಲೆಗೆ ತೊಡಿಸಿದೆವು.

ಎರಡು ಗಂಟೆಗಳ ಕಾಲ ಆಕೆಯು ಹಿರಿಯ ವಿದ್ವಾಂಸರ ದೇವರನಾಮಗಳನ್ನು ಕೇಳುತ್ತ ಕಣ್ಣು ಮುಚ್ಚಿಕೊಂಡಿದ್ದಳು. ಪರದೆಯ ಮೇಲಿನ ನಕಾಶೆಯಲ್ಲಿ ವಿಮಾನದ ಚಿಹ್ನೆಯು ಅರಬ್ಬೀ ಸಮುದ್ರದ ನೀಲಿಯ ಮೇಲೆ ಇತ್ತು. ಆಗ ನಾವು ಏನನ್ನೂ ಹೇಳದೆ ಲಾಲಿಯನ್ನು ಹಚ್ಚಿದೆವು. ಆಕೆಯು ಥಟ್ಟನೆ ಕಣ್ಣು ತೆರೆದು ನಮ್ಮ ಕಡೆಗೆ ನೋಡಿದಳು. ಅನಂತರ ಕಿಟಕಿಯ ಕಡೆಗೆ ತಿರುಗಿದಳು. ಆಕೆಯ ತುಟಿಗಳು ಹಾಡಿನೊಡನೆ ಚಲಿಸುತ್ತಿದ್ದುದು ಗಾಜಿನಲ್ಲಿ ಕಾಣುತ್ತಿತ್ತು. ಹಾಡು ಮುಗಿಯಿತು, ಕೈಯಿಂದಲೇ ಸನ್ನೆ ಮಾಡಿದಳು, ಮತ್ತೆ ಹಚ್ಚಿದೆವು. ಹೀಗೆ ಮೂರು ಸಲ ಆಯಿತು.

ಬಳಿಕ ಆಕೆಯು ಹೆಡ್‌ಫೋನನ್ನು ತೆಗೆದು, ಏನನ್ನೋ ಹೇಳಹೊರಟಳು. ವಿಮಾನದೊಳಗಿನ ಸದ್ದು ಎಂಬತ್ತು ಡೆಸಿಬೆಲ್ಲುಗಳಷ್ಟಾದರೂ ಇರತಕ್ಕದ್ದು. ಆ ಗರ್ಜನೆಯಲ್ಲಿ ಆಕೆಯ ಪಿಸುಮಾತು ನಮ್ಮ ಕಿವಿಗೆ ಮುಟ್ಟಲಿಲ್ಲ. ನಮ್ಮ ಜೇಬಿನಿಂದ ಪೆನ್ನನ್ನು ತೆಗೆದುಕೊಂಡು, ಕೈಯೊರಸುವ ಕಾಗದದ ಮೇಲೆ ಹೀಗೆ ಬರೆದಳು: "ಇದನ್ನು ನೀವು ಕಲಿಯಬೇಕು."

ನಾವು ಬೆರಗಾದೆವು. ಆ ಲಾಲಿಯು ನಮ್ಮ ಮನೆಯಲ್ಲಿ ಹೆಂಗಸರ ಸೊತ್ತು. ಗಂಡಸರು ಅದನ್ನು ಹಾಡಿದ ಸಂಪ್ರದಾಯವಿಲ್ಲ. ನಮ್ಮ ಕಂಠವಾದರೋ ಶಬ್ದರೂಪಗಳನ್ನು ಹೇಳಿಹೇಳಿ ಗಟ್ಟಿಯಾದದ್ದು. ಅದರಿಂದ ನೀಲಾಂಬರಿಯನ್ನು ಯಾರೂ ನಿರೀಕ್ಷಿಸಿದವರಲ್ಲ. "ಫೋನಿನಲ್ಲಿ ನಿನ್ನ ಧ್ವನಿಯೇ ಇದೆಯಲ್ಲ, ಕೂಸಿಗೆ ಅದನ್ನೇ ಕೇಳಿಸಿದರಾಯಿತು" ಎಂದು ಅದೇ ಕಾಗದದ ಮೇಲೆ ಬರೆದುಕೊಟ್ಟೆವು. ಆಕೆಯು ಅದರ ಕೆಳಗೆ ಬರೆದ ಉತ್ತರವು ಈಗಲೂ ನಮ್ಮಲ್ಲಿದೆ: "ಫೋನು ಕೂಸಿನ ಮುಖ ನೋಡುವುದಿಲ್ಲ. ಕಣ್ಣು ಮುಚ್ಚುತ್ತ ಬಂದ ಹಾಗೆ ಹಾಡು ನಿಧಾನವಾಗಬೇಕು."

ಅಲಂಕಾರಶಾಸ್ತ್ರದ ಎಷ್ಟೋ ಗ್ರಂಥಗಳನ್ನು ನಾವು ಓದಿದ್ದೇವೆ. ಲಾಲಿಯ ಲಕ್ಷಣವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ್ದನ್ನು ಎಲ್ಲಿಯೂ ಕಂಡಿಲ್ಲ. ಧ್ವನಿಮುದ್ರಿಕೆಯು ತನ್ನ ಏಳು ನಿಮಿಷಗಳನ್ನು ತನ್ನ ಲಯದಲ್ಲಿ ಮುಗಿಸುತ್ತದೆ; ಕೂಸು ಮಲಗಿದರೂ ಅಷ್ಟೆ, ಎದ್ದು ಕುಳಿತರೂ ಅಷ್ಟೆ. ತಾಯಿಯು ಹಾಡುವಾಗ ಹಾಡನ್ನು ನಡೆಸತಕ್ಕದ್ದು ಕೂಸಿನ ರೆಪ್ಪೆ. ಈ ಮಾತಿಗೆ ಮರುಮಾತಿರಲಿಲ್ಲ. ನಾವು ಹೆಡ್‌ಫೋನನ್ನು ಧರಿಸಿ ಶಿಷ್ಯವೃತ್ತಿಯನ್ನು ಅಂಗೀಕರಿಸಿದೆವು.

ಮುಂದಿನ ಏಳೆಂಟು ಗಂಟೆಗಳು ಹೇಗೆ ಕಳೆದುವೆಂಬುದನ್ನು ವಿವರಿಸತಕ್ಕದ್ದಿಲ್ಲ. ಒಂದೊಂದು ನುಡಿಯನ್ನೂ ಆರೇಳು ಸಲ ಕೇಳುವುದು. ಅನಂತರ ಹೆಡ್‌ಫೋನನ್ನು ತೆಗೆದು ಆಕೆಯ ಕಿವಿಯ ಬಳಿ ಹಾಡಿ ಒಪ್ಪಿಸುವುದು. ಆಕೆಯು ನಮ್ಮ ಅಂಗೈಯ ಮೇಲೆ ಬೆರಳಿನಿಂದ ತಾಳವನ್ನು ಹಾಕುತ್ತ, ಸ್ವರವು ತಪ್ಪಿದಲ್ಲಿ ಉಗುರಿನಿಂದ ಚಿವುಟುವಳು. ಅಷ್ಟು ಹೊತ್ತು ವೈರಿಯಾಗಿದ್ದ ಇಂಜಿನ್ನಿನ ಗರ್ಜನೆಯು ಈಗ ಮಿತ್ರನಾಗಿ ಪರಿಣಮಿಸಿತು. ಅದರ ಮರೆಯಲ್ಲಿ ನಮ್ಮ ಅಭ್ಯಾಸವು ಮೂರನೆಯವರಿಗೆ ಕೇಳಿಸುತ್ತಿರಲಿಲ್ಲ. ಕಿವಿಯನ್ನು ಮು‌ಚ್ಚಿಕೊಂಡು ಹಾಡುವವನಿಗೆ ತನ್ನ ಧ್ವನಿಯ ಅಳತೆಯು ಸಿಕ್ಕುವುದಿಲ್ಲವಾದುದರಿಂದ, ಒಮ್ಮೆ ಮಾತ್ರ ಗಗನಸಖಿಯು ಓಡಿಬಂದು, ಮೈಯಲ್ಲಿ ಸೌಖ್ಯವಿದೆಯೇ ಎಂದು ಕೇಳಿದಳು. ನಮ್ಮ ಗೃಹಿಣಿಯು ನಕ್ಕಳು. ಆಕೆಯು ಹಾಗೆ ನಕ್ಕು ಮೂರು ವರ್ಷಗಳಾಗಿದ್ದುವು. ಲಂಡನ್ನಿನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಹನ್ನೊಂದರಲ್ಲಿ ಎಂಟು ನುಡಿಗಳು ನಮಗೆ ಬಾಯಿಗೆ ಬಂದಿದ್ದುವು. ಉಳಿದ ಮೂರನ್ನು ಹೆರಿಗೆಯ ದಿನದೊಳಗೆ ಒಪ್ಪಿಸಿದೆವು.

ಮಗುವು ಹೆಣ್ಣು. ಮನೆಗೆ ಬಂದ ಮೂರನೆಯ ರಾತ್ರಿ ಅದು ಬಹಳ ಅತ್ತಿತು. ತೊಟ್ಟಿಲ ಒಂದು ಪಕ್ಕದಲ್ಲಿ ನಾವು ನಿಂತು ಹಾಡಿದೆವು. ಇನ್ನೊಂದು ಪಕ್ಕದಲ್ಲಿ ಅಜ್ಜಿಯು ಮೊಮ್ಮಗಳ ಕಣ್ಣನ್ನೇ ನೋಡುತ್ತ, ತೊಟ್ಟಿಲ ಮರದ ಮೇಲೆ ಬೆರಳಿನಿಂದ ಲಯವನ್ನು ತೋರಿಸಿಕೊಡುತ್ತಿದ್ದಳು. ಆಕೆಯ ಬೆರಳು ನಿಧಾನವಾದಂತೆ ನಾವೂ ನಿಧಾನಮಾಡಿದೆವು. ಏಳನೆಯ ನುಡಿಗೆ ಮಗುವು ಮಲಗಿತು. ಹಾಡಿನ ಗುಣದಿಂದಲೋ ನಮ್ಮ ಕಂಠಕ್ಕೆ ಹೆದರಿಯೋ ಹೇಳಲಾರೆವು. ಅಂತೂ ಆ ಮನೆಯಲ್ಲಿ ಹಾಡಲಾರದ ಅಜ್ಜಿಯೆಂಬ ಮಾತು ಮತ್ತೆ ಹುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಮಗಳು ಮರುದಿನವೇ ತಾನೂ ಕಲಿಯಲು ತೊಡಗಿದಳು.

ಇನ್ನು ಇಂತಹ ಪ್ರಯಾಣಕ್ಕೆ ಹೊರಡುವ ವಾಚಕರಿಗೆ ಕೆಲವು ಸೂಚನೆಗಳನ್ನು ಕೊಟ್ಟು ಮುಗಿಸುವೆವು. ಹಾಡುಗಳನ್ನು ಹೊರಡುವ ಎರಡು ದಿನ ಮೊದಲೇ ಮನೆಯ ವೈ-ಫೈ ಸಂಪರ್ಕದಲ್ಲಿ ಇಳಿಸಿಕೊಳ್ಳತಕ್ಕದ್ದು. ನಿಲ್ದಾಣದ ಸಂದಣಿಯಲ್ಲಿ ಆ ಕೆಲಸವನ್ನು ಇಟ್ಟುಕೊಳ್ಳಬಾರದು. ಇಳಿಸಿಕೊಂಡ ಮೇಲೆ ಮನೆಯಲ್ಲಿಯೇ ಫೋನನ್ನು ಫ್ಲೈಟ್ ಮೋಡಿನಲ್ಲಿರಿಸಿ, ಒಂದೆರಡು ಹಾಡುಗಳು ನುಡಿಯುವುವೋ ಇಲ್ಲವೋ ಪರೀಕ್ಷಿಸತಕ್ಕದ್ದು. ಪವರ್ ಬ್ಯಾಂಕ್ ಎಂಬ ವಿದ್ಯುತ್ಕೋಶವನ್ನು ಕೈಚೀಲದಲ್ಲಿಯೇ ಇಡಬೇಕು. ಸಾಮಾನಿನೊಡನೆ ಒಪ್ಪಿಸಕೂಡದೆಂದು ನಿಯಮವಿದೆ. ಹೊರಗಿನ ಗದ್ದಲವನ್ನು ಮೀರಿಸಲೆಂದು ಧ್ವನಿಯನ್ನು ಏರಿಸುತ್ತ ಹೋಗುವುದು ಕಿವಿಗೆ ಕೇಡು. ವಯಸ್ಕರಿಗೆ ಎಂಬತ್ತು ಡೆಸಿಬೆಲ್ಲುಗಳ ಮಟ್ಟದಲ್ಲಿ ವಾರಕ್ಕೆ ನಲವತ್ತು ಗಂಟೆಗಳು ಮಿತಿಯೆಂದೂ ಮಕ್ಕಳಿಗೆ ಅದಕ್ಕಿಂತ ಕಡಮೆಯ ಮಟ್ಟವೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ಕಿವಿಯನ್ನು ಚೆನ್ನಾಗಿ ಮುಚ್ಚುವ ಹೆಡ್‌ಫೋನಿದ್ದರೆ ಮೆಲುಧ್ವನಿಯೇ ಸಾಕಾಗುವುದು. ಮನೆಯವರ ಧ್ವನಿಯನ್ನು ಹಿಡಿದಿಟ್ಟಿದ್ದರೆ ಅದರ ಪ್ರತಿಯನ್ನು ಒಂದೇ ಕಡೆ ಇಡದೆ ಎರಡು ಮೂರು ಕಡೆ ಇಡತಕ್ಕದ್ದು.

ಶಬ್ದವು ನಿತ್ಯವೆಂದು ಮೀಮಾಂಸಕರು ಹೇಳುವರು. ಹುಟ್ಟಿ ಅಳಿಯತಕ್ಕದ್ದೆಂದು ನೈಯಾಯಿಕರು ಹೇಳುವರು. ಈ ವಾದವನ್ನು ತೀರ್ಮಾನಿಸುವ ಯೋಗ್ಯತೆಯು ನಮಗಿಲ್ಲ. ನಮ್ಮ ಅನುಭವಕ್ಕೆ ಬಂದುದಿಷ್ಟು: ಹಾಡು ಮೂರು ಎಡೆಗಳಲ್ಲಿ ಇರಬಲ್ಲುದು. ಇಂಟರ್ನೆಟ್ಟಿನಲ್ಲಿದ್ದರೆ ಅದು ಪರರ ಉಗ್ರಾಣದಲ್ಲಿದ್ದಂತೆ. ಅವರು ಬಾಗಿಲು ತೆರೆದಾಗ ಮಾತ್ರ ನಮ್ಮದು. ಫೋನಿನಲ್ಲಿದ್ದರೆ ನಮ್ಮ ಚೀಲದಲ್ಲಿದ್ದಂತೆ, ಚೀಲವಿರುವವರೆಗೆ ನಮ್ಮದು. ಕಂಠದಲ್ಲಿದ್ದರೆ ನಾವಿರುವವರೆಗೂ ನಮ್ಮದು, ನಮ್ಮಿಂದ ಕಲಿತವರಿರುವವರೆಗೂ ಲೋಕದ್ದು. ಮೊದಲನೆಯದರಿಂದ ಎರಡನೆಯದಕ್ಕೆ ತರಲು ಒಂದು ಗುಂಡಿಯನ್ನು ಒತ್ತಿದರೆ ಸಾಕು. ಎರಡನೆಯದರಿಂದ ಮೂರನೆಯದಕ್ಕೆ ತರಲು ಹತ್ತು ಗಂಟೆಗಳ ಕಾಲ ಒಂದೆಡೆ ಕಟ್ಟಿಹಾಕಿದಂತೆ ಕುಳಿತು, ಬೇರೆ ಯಾವ ಕರೆಗೂ ಓಗೊಡದೆ, ಒಂದನ್ನೇ ಮತ್ತೆಮತ್ತೆ ಕೇಳಬೇಕು. ಅಷ್ಟು ಬಿಡುವನ್ನು ಈಗಿನ ಕಾಲದಲ್ಲಿ ವಿಮಾನವಲ್ಲದೆ ಬೇರೆ ಯಾರು ನಮಗೆ ಕೊಟ್ಟಾರು?

ನಮ್ಮ ವಾಚಕರ ಮನೆಗಳಲ್ಲಿಯೂ ಪುಸ್ತಕಕ್ಕೇರದ ಹಾಡುಗಳು ಒಂದೆರಡಾದರೂ ಇದ್ದೇ ಇರಬೇಕು. ಅವನ್ನು ಬಲ್ಲ ಹಿರಿಯರು ಹಾಡುತ್ತಿರುವಾಗಲೇ ಹಿಡಿದಿಟ್ಟುಕೊಳ್ಳಿರಿ. ಹಿಡಿದಿಟ್ಟುದರಲ್ಲಿ ಒಂದನ್ನಾದರೂ ಬಾಯಿಗೆ ತಂದುಕೊಳ್ಳಿರಿ. ಅದಕ್ಕಾಗಿ ಪ್ರಯಾಣದ ದಿನವನ್ನು ಕಾಯಬೇಕಾದುದಿಲ್ಲ.